ಮೊದಲು ಕಸದ ಬುಟ್ಟಿ ಸುರಿದು ನೋಡಿ

ನನ್ನ ಮೊಮ್ಮಗಳು ಹೊಸದಾಗಿ ಸಂಸಾರ ಹೂಡಿದ್ದಾಳೆ. ಇಬ್ಬರೇ ಇರುವ ಮನೆ. ಒಂದು ದಿನ ಫೋನ್ ಮಾಡಿ, "ಅಜ್ಜಿ, ಎರಡು ದಿನಕ್ಕೇ ಡಸ್ಟ್‌ಬಿನ್ ತುಂಬಿ ಹೋಗುತ್ತೆ. ಕಸ ಕಡಿಮೆ ಮಾಡಬೇಕು ಅಂತಿದೀನಿ. ಸ್ಟೀಲ್ ಡಬ್ಬಿ, ಗಾಜಿನ ಬಾಟಲಿ, ಬಿದಿರಿನ ಬ್ರಷ್ ಎಲ್ಲಾ ಪಟ್ಟಿ ಮಾಡಿಟ್ಟಿದೀನಿ. ಆರ್ಡರ್ ಮಾಡ್ಲಾ?" ಅಂತ ಕೇಳಿದಳು. "ಏನೂ ತರಿಸಬೇಡ ಕಂದ. ಮೊದಲು ಬುಟ್ಟಿ ಸುರಿದು ನೋಡೋಣ, ಭಾನುವಾರ ಬರ್ತೀನಿ" ಅಂದೆ.

ಭಾನುವಾರ ಹೋದೆ. ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ, ಗ್ಲೌಸ್ ಹಾಕಿಕೊಂಡು ಬುಟ್ಟಿ ಸುರಿದೆವು. ಅವಳಿಗೆ ಮೊದಲು ಅಸಹ್ಯ ಅನ್ನಿಸಿತು. ಐದು ನಿಮಿಷ ಕಳೆದ ಮೇಲೆ ತಾನೇ ಒಂದೊಂದನ್ನೂ ಎತ್ತಿ ಬೇರೆ ಮಾಡತೊಡಗಿದಳು. ರಬ್ಬರ್ ಬ್ಯಾಂಡ್ ಕೂಡ ಬಿಚ್ಚದ ಒಂದು ಕಟ್ಟು ಸೊಪ್ಪು ಕೊಳೆತು ಅಂಟಂಟಾಗಿತ್ತು. ಅರ್ಧ ಹೆಚ್ಚಿ ಬಿಟ್ಟ ಸೌತೆಕಾಯಿ ಇತ್ತು. ಡಬ್ಬಿಯಲ್ಲೇ ಹಳಸಿದ ಅಡುಗೆ ಇತ್ತು. ತರಕಾರಿ ಸಿಪ್ಪೆ, ಟೀ ಚರಟ. ಪಾರ್ಸೆಲ್‌ನ ರಟ್ಟಿನ ಡಬ್ಬ, ಅದರೊಳಗಿದ್ದ ಗುಳ್ಳೆ ಪ್ಲಾಸ್ಟಿಕ್, ಅದರೊಳಗಿದ್ದ ಇನ್ನೊಂದು ಕವರ್. ಕೈ ಒರೆಸಿ ಎಸೆದ ಟಿಶ್ಯೂ ರಾಶಿ. ಇವೆಲ್ಲದರ ಮಧ್ಯೆ ಎರಡು ಬ್ಯಾಟರಿ ಸೆಲ್. ಎಲ್ಲಾ ಬೇರೆ ಬೇರೆ ಗುಡ್ಡೆ ಮಾಡಿ ನೋಡಿದರೆ, ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಯದ್ದೇ. ಬುಟ್ಟಿಯಲ್ಲಿ ಜಾಗ ಹಿಡಿದಿದ್ದು ಮಾತ್ರ ಪ್ಯಾಕಿಂಗ್. ಅವಳು ಪಟ್ಟಿ ಮಾಡಿದ್ದ ಸಾಮಾನಿನಲ್ಲಿ ಒಂದೂ ಈ ರಾಶಿಯನ್ನು ಕಡಿಮೆ ಮಾಡುವಂಥದ್ದಲ್ಲ.

ನಾನು ಯಾರಿಗೇ ಹೇಳಿದರೂ ಮೊದಲು ಇದನ್ನೇ ಹೇಳುತ್ತೇನೆ. ಒಂದೊಂದು ಮನೆಯ ಕಸ ಒಂದೊಂದು ಥರ. ಪುಟ್ಟ ಮಗು ಇರುವ ಮನೆಯಲ್ಲಿ ಡೈಪರ್ ಜಾಸ್ತಿ, ಹೊರಗಿನಿಂದ ಊಟ ತರಿಸುವವರಲ್ಲಿ ಪ್ಲಾಸ್ಟಿಕ್ ಡಬ್ಬಿ ಜಾಸ್ತಿ. ಹಾಗಾಗಿ ಒಂದು ವಾರ ಸುಮ್ನೆ ಗಮನಿಸಿ. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ, ಎಸೆದದ್ದನ್ನು ಬರೆಯುತ್ತಾ ಹೋಗಿ. ವಾರದ ಕೊನೆಗೆ ಮೂರ್ನಾಲ್ಕು ಹೆಸರು ಪದೇಪದೇ ಬಂದಿರುತ್ತವೆ. ಅದರಲ್ಲಿ ಒಂದನ್ನು ಮಾತ್ರ ಹಿಡಿದುಕೊಳ್ಳಿ. ಎಲ್ಲವನ್ನೂ ಒಂದೇ ಸಲ ಬದಲಾಯಿಸಲು ಹೊರಟವರು ತಿಂಗಳಲ್ಲಿ ಸುಸ್ತಾಗಿ ಕೈಬಿಟ್ಟಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹೆಚ್ಚಿನ ಮನೆಗಳಲ್ಲಿ ಆ ಒಂದು ಆಹಾರವೇ ಆಗಿರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಒಂದು ವರದಿ ಹೊರತಂದಿತು. ಅದರ ಪ್ರಕಾರ 2022ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಗಿದೆ. ಅದರಲ್ಲಿ ಶೇ. 60ರಷ್ಟು ಹೋಗಿದ್ದು ಹೋಟೆಲುಗಳಿಂದಲೂ ಅಲ್ಲ, ಅಂಗಡಿಗಳಿಂದಲೂ ಅಲ್ಲ, ನಮ್ಮಂಥವರ ಮನೆಗಳಿಂದ. ಸರಾಸರಿ ತಲೆಗೆ ವರ್ಷಕ್ಕೆ 79 ಕೆ.ಜಿ. ಇದನ್ನು ಓದಿದ ದಿನ ನನಗೆ ಅಡುಗೆ ಮಾಡುವಾಗಲೂ ಅದೇ ಯೋಚನೆ.

ಸೊಪ್ಪಿನಿಂದಲೇ ಶುರು ಮಾಡಿ. ತಂದ ತಕ್ಷಣ ಕಟ್ಟು ಬಿಚ್ಚಿ, ಕೊಳೆತ ಎಲೆಗಳನ್ನು ಆರಿಸಿ ತೆಗೆದುಬಿಡಿ. ಒಂದು ಕೊಳೆತ ಎಲೆ ಇದ್ದರೆ ಪಕ್ಕದ ನಾಲ್ಕೂ ಕೆಡುತ್ತವೆ. ತೊಳೆಯಬೇಡಿ, ಬಳಸುವ ಮುಂಚೆ ತೊಳೆದರೆ ಸಾಕು. ಒಣಗಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿ. ಹೀಗಿಟ್ಟರೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಕ್ಕಿಂತ ಎಷ್ಟೋ ದಿನ ಜಾಸ್ತಿ ಬರುತ್ತದೆ, ಯಾಕೆಂದರೆ ಬಟ್ಟೆ ತೇವ ಹೀರಿಕೊಳ್ಳುತ್ತದೆ. ಬರೀ ಬಾಡಿದ ಸೊಪ್ಪನ್ನು ಎಸೆಯಬೇಡಿ. ಬುಡ ಸ್ವಲ್ಪ ಕತ್ತರಿಸಿ ತಣ್ಣೀರಿನ ಲೋಟದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಚೇತರಿಸಿಕೊಳ್ಳುತ್ತದೆ. ಬಾಳೆಹಣ್ಣು, ಸೇಬು, ಟೊಮ್ಯಾಟೊ ಹಣ್ಣಾಗುತ್ತಾ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಅದು ಅಕ್ಕಪಕ್ಕದ ಹಣ್ಣು, ತರಕಾರಿಯನ್ನೂ ಬೇಗ ಹಣ್ಣು ಮಾಡಿಬಿಡುತ್ತದೆ. ಅವನ್ನು ಸೊಪ್ಪಿನಿಂದ ದೂರ ಇಡಿ. ಈರುಳ್ಳಿ, ಆಲೂಗಡ್ಡೆಯನ್ನೂ ಬೇರೆ ಬೇರೆ ಬುಟ್ಟಿಯಲ್ಲಿ, ಗಾಳಿಯಾಡುವ ಕತ್ತಲ ಮೂಲೆಯಲ್ಲಿಡಿ.

ಫ್ರಿಜ್ ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಕಣ್ಣಿನ ಮಟ್ಟದ ತಟ್ಟೆಯಲ್ಲಿ ಒಂದು ಜಾಗ ಬಿಟ್ಟುಕೊಳ್ಳಿ, ಬೇಗ ಖಾಲಿ ಮಾಡಬೇಕಾದ್ದೆಲ್ಲ ಅಲ್ಲಿಗೇ ಬರಲಿ. ಅರ್ಧ ಹೆಚ್ಚಿದ ಸೌತೆಕಾಯಿ, ನಿನ್ನೆಯ ಪಲ್ಯ, ನಾಳೆಗೆ ಕೆಡುವ ಹಾಲು. ಹಿಂದೆ ಹೋಗಿ ಕೂತದ್ದು ಮರೆತೇ ಹೋಗುತ್ತದೆ, ಅಲ್ವಾ? ಉಳಿದ ಅಡುಗೆಯನ್ನು ಎರಡು ಗಂಟೆಯೊಳಗೆ ಅಗಲವಾದ ಡಬ್ಬಿಗೆ ತೆಗೆದು ಫ್ರಿಜ್‌ನಲ್ಲಿಡಿ. ಅಗಲದ ಡಬ್ಬಿಯಲ್ಲಿ ಬೇಗ ತಣಿಯುತ್ತದೆ. ಮೂರು ದಿನದೊಳಗೆ ಚೆನ್ನಾಗಿ ಬಿಸಿ ಮಾಡಿ ಮುಗಿಸಿ. ಉಳಿತಾಯ ಅಂತ ಹಳಸಿದ್ದನ್ನು ಮಾತ್ರ ತಿನ್ನಬೇಡಿ. ಹೊಟ್ಟೆ ಕೆಡಿಸಿಕೊಂಡು ಕಸ ಉಳಿಸಬೇಕಾಗಿಲ್ಲ.

ಪೊಟ್ಟಣದ ಮೇಲಿನ ತಾರೀಖಿನ ಬಗ್ಗೆಯೂ ಒಂದು ಮಾತು. 'ಬೆಸ್ಟ್ ಬಿಫೋರ್' ಅಂದರೆ ಆ ದಿನದವರೆಗೆ ರುಚಿ, ಗರಿಗರಿ ಎಲ್ಲಾ ಚೆನ್ನಾಗಿರುತ್ತದೆ ಅಂತ. ಮಾರನೇ ದಿನವೇ ವಿಷವಾಗುತ್ತದೆ ಅಂತಲ್ಲ. ಸರಿಯಾಗಿ ಮುಚ್ಚಿಟ್ಟ ಒಣ ಸಾಮಾನನ್ನು ನೋಡಿ, ಮೂಸಿ ತೀರ್ಮಾನಿಸಬಹುದು. 'ಯೂಸ್ ಬೈ' ಅಂತ ಇದ್ದರೆ ಅದು ಸುರಕ್ಷತೆಯ ತಾರೀಖು, ಅದನ್ನು ಮೀರಬೇಡಿ. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೊಂದು ಒಳ್ಳೇ ಪದಾರ್ಥ ಬುಟ್ಟಿಗೆ ಹೋಗುತ್ತಿದೆ.

ಇನ್ನು ಪ್ಯಾಕಿಂಗ್. ಬಾಗಿಲು ದಾಟಿ ಒಳಗೆ ಬಂದ ಮೇಲೆ ಅದನ್ನು ಏನು ಮಾಡುವುದು ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ, ಬಾರದ ಹಾಗೆ ನೋಡಿಕೊಳ್ಳುವುದೇ ಸುಲಭ. ಹಳೇ ಬೆಡ್‌ಶೀಟ್ ಕತ್ತರಿಸಿ ನಾಲ್ಕು ಚೀಲ ಹೊಲಿದುಕೊಳ್ಳಿ. ಬೀಗದ ಕೈ ನೇತುಹಾಕುವ ಮೊಳೆಗೇ ಅವನ್ನೂ ನೇತುಹಾಕಿ. ಬೀರುವಿನಲ್ಲಿಟ್ಟ ಚೀಲ ಅಂಗಡಿಗೆ ಬರುವುದೇ ಇಲ್ಲ. ಹೊಸ ಬಟ್ಟೆ ಚೀಲಗಳನ್ನು ಡಜನ್‌ಗಟ್ಟಲೆ ಕೊಳ್ಳಬೇಡಿ. ಹತ್ತಿ ಬೆಳೆಯುವುದಕ್ಕೂ ಬಟ್ಟೆ ನೇಯುವುದಕ್ಕೂ ತುಂಬಾ ನೀರು ಬೇಕು. ಒಂದೇ ಚೀಲವನ್ನು ವರ್ಷಗಟ್ಟಲೆ ಬಳಸಿದರೆ ಮಾತ್ರ ಅದಕ್ಕೆ ಅರ್ಥ. ಹಾಗೇ ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಎಸೆದು ಗಾಜಿನದ್ದು ತರಬೇಡಿ. ಇರುವುದು ಸವೆಯುವವರೆಗೆ ಕಾಳು, ಗುಂಡಿ, ಮೊಳೆ ಏನಾದರೂ ತುಂಬಿಡಿ. ಆನ್‌ಲೈನ್‌ನಲ್ಲಿ ಬೇಕಾದ್ದನ್ನು ದಿನಕ್ಕೊಂದರಂತೆ ತರಿಸುವ ಬದಲು ಪಟ್ಟಿ ಮಾಡಿಟ್ಟು ಒಟ್ಟಿಗೆ ತರಿಸಿ. ಪಟ್ಟಿಯಲ್ಲಿ ಹತ್ತು ದಿನ ಕೂತ ಮೇಲೆ ಅರ್ಧ ಸಾಮಾನು ಬೇಡವೇ ಅನ್ನಿಸುತ್ತದೆ. ಟಿಶ್ಯೂ ಬದಲು ಹಳೇ ಹತ್ತಿ ಬಟ್ಟೆಯನ್ನು ಕರವಸ್ತ್ರದಷ್ಟು ಚೌಕ ಚೌಕವಾಗಿ ಕತ್ತರಿಸಿ ಸಿಂಕ್ ಪಕ್ಕ ಒಂದು ಡಬ್ಬಿಯಲ್ಲಿಡಿ, ಒದ್ದೆಯಾದದ್ದಕ್ಕೆ ಕೆಳಗೊಂದು ಬುಟ್ಟಿ. ಕೈಗೆ ಸಿಗುವ ಹಾಗಿದ್ದರೆ ಎಲ್ಲರೂ ಬಳಸುತ್ತಾರೆ.

ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೊಂದು ನಂಬರ್ ನೋಡಿರುತ್ತೀರಿ. ಅದಿದ್ದರೆ ಮರುಬಳಕೆ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ಶುರು ಮಾಡಿದ ಗುರುತು ಅದು. 1ರಿಂದ 7ರವರೆಗಿನ ನಂಬರ್ ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುತ್ತದೆ, ಅಷ್ಟೇ. ನೀರಿನ ಬಾಟಲಿಯ 1, ಶಾಂಪೂ ಬಾಟಲಿಯ 2 ಸಾಮಾನ್ಯವಾಗಿ ಮರುಬಳಕೆಗೆ ಹೋಗುತ್ತವೆ. ಮಿಕ್ಕವುಗಳಲ್ಲಿ ಹಲವನ್ನು ತೆಗೆದುಕೊಳ್ಳುವವರೇ ಕಡಿಮೆ. 2015ರವರೆಗೆ ಪ್ರಪಂಚದಲ್ಲಿ ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆ ಆದದ್ದು ಸುಮಾರು ಶೇ. 9 ಮಾತ್ರ. ಗಾಜು, ಅಲ್ಯೂಮಿನಿಯಂ ಹಾಗಲ್ಲ, ಮತ್ತೆ ಮತ್ತೆ ಕರಗಿಸಬಹುದು. ಹಳೇ ಅಲ್ಯೂಮಿನಿಯಂ ಕರಗಿಸಿದರೆ ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕಿಂತ ಶೇ. 95ರಷ್ಟು ಶಕ್ತಿ ಉಳಿಯುತ್ತದೆ. ಒಣ ಕಸಕ್ಕೆ ಹಾಕುವ ಡಬ್ಬಿಗಳನ್ನು ಪಾತ್ರೆ ತೊಳೆದುಳಿದ ನೀರಿನಲ್ಲಿ ಒಮ್ಮೆ ಅಲುಬಿ ಹಾಕಿ. ಎಣ್ಣೆ ಹಿಡಿದ ರಟ್ಟನ್ನು ಒಳ್ಳೇ ಪೇಪರ್ ಜೊತೆ ಸೇರಿಸಬೇಡಿ, ಎಲ್ಲಾ ಹಾಳಾಗುತ್ತದೆ.

ಬ್ಯಾಟರಿ ಸೆಲ್, ಕೆಟ್ಟ ಸಿಎಫ್‌ಎಲ್ ಬಲ್ಬ್, ಹಳೇ ಮೊಬೈಲ್ ಯಾವತ್ತೂ ಬುಟ್ಟಿಗೆ ಹಾಕಬೇಡಿ. ಸಿಎಫ್‌ಎಲ್‌ನಲ್ಲಿ ಪಾದರಸ ಇರುತ್ತದೆ. ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿಯೇ ಹತ್ತಿಕೊಳ್ಳುತ್ತದೆ, ಪಾಪ, ಅದು ಕಸ ಎತ್ತುವವರ ಕೈಯಲ್ಲಿ ಆಗುತ್ತದೆ. ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ, ಇವನ್ನೆಲ್ಲ ಬೇರೆಯಾಗಿ ಎತ್ತಿಟ್ಟುಕೊಂಡು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಿ.

ಇಷ್ಟಾದ ಮೇಲೂ ಸಿಪ್ಪೆ, ಬುಡ, ಟೀ ಚರಟ ಉಳಿದೇ ಉಳಿಯುತ್ತವೆ. ಅದಕ್ಕೆ ಗೊಬ್ಬರದ ಬಕೆಟ್. ಇದರಲ್ಲಿ ನಾನು ಮೊದಲ ಸಲ ಸೋತಿದ್ದೆ. ಮುಚ್ಚಳದ ಬಕೆಟ್ ತುಂಬಾ ಬರೀ ಸಿಪ್ಪೆ ತುಂಬಿ ಗಟ್ಟಿಯಾಗಿ ಮುಚ್ಚಿಟ್ಟೆ. ವಾರದಲ್ಲಿ ಮನೆಯೆಲ್ಲ ನಾತ, ಬಿಳಿ ಹುಳ. ಎಸೆಯಲು ಹೊರಟಾಗ ಪಕ್ಕದ ಮನೆಯ ಹಿರಿಯರೊಬ್ಬರು ತಡೆದರು. ಒಂದು ಹಿಡಿ ತೆಗೆದು ಹಿಂಡಿ ತೋರಿಸಿದರು. ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿಯಿತು. "ಇದಕ್ಕೆ ಉಸಿರಾಡೋಕೆ ಜಾಗವೇ ಇಲ್ಲವಲ್ಲಮ್ಮಾ" ಅಂದರು. ಒಣ ಎಲೆ ತಂದು ಸುರಿದು, ಕೋಲಿನಿಂದ ಮೇಲೆ ಕೆಳಗೆ ಮಾಡಿದೆವು. ಮೂರು ದಿನದಲ್ಲಿ ವಾಸನೆ ಇಳಿಯಿತು.

ಗಾಳಿ ಇದ್ದಾಗ ಕೊಳೆಸುವ ಸೂಕ್ಷ್ಮಜೀವಿಗಳೇ ಬೇರೆ, ಇಲ್ಲದಾಗ ಕೊಳೆಸುವವೇ ಬೇರೆ. ನಾತ ಬರುವುದು ಎರಡನೆಯವರಿಂದ. ಊರ ಹೊರಗಿನ ಕಸದ ಗುಡ್ಡದಲ್ಲಿ ಹಸಿ ಕಸ ಹೀಗೇ ಗಾಳಿಯಿಲ್ಲದೆ ಹೂತುಹೋಗಿ ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಮನೆಯಲ್ಲೇ ಗೊಬ್ಬರ ಮಾಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಬಕೆಟ್‌ನ ತಳಕ್ಕೂ ಪಕ್ಕಕ್ಕೂ ತೂತು ಹಾಕಿ, ಕೆಳಗೊಂದು ತಟ್ಟೆ ಇಡಿ. ತಳದಲ್ಲಿ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ಹರಿದ ರಟ್ಟಿನ ಚೂರು ಹಾಕಿ. ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಒಣದ್ದು, ಇದೇ ಅಳತೆ. ಪ್ರತಿ ಸಲವೂ ಮೇಲೆ ಕಾಣುವುದು ಒಣ ಎಲೆಯೇ ಆಗಿರಬೇಕು, ಆಗ ನೊಣ ಬರುವುದಿಲ್ಲ. ಸಿಪ್ಪೆಯನ್ನು ಚಿಕ್ಕದಾಗಿ ಹೆಚ್ಚಿದರೆ ಬೇಗ ಕರಗುತ್ತದೆ. ಮಾಂಸ, ಮೂಳೆ, ಹಾಲಿನ ಪದಾರ್ಥ, ಎಣ್ಣೆ ಅಡುಗೆ ಶುರುವಿನಲ್ಲಿ ಬೇಡ. ವಾರಕ್ಕೊಮ್ಮೆ ತಿರುವಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಧಾರೆ ಬಂದರೆ ಒಣ ಎಲೆ ಸೇರಿಸಿ, ಏನೂ ಬರದಿದ್ದರೆ ನೀರು ಚಿಮುಕಿಸಿ.

ತುಂಬಿದ ಮೇಲೆ ಎರಡು ಮೂರು ತಿಂಗಳು ಬಿಡಿ. ಬಣ್ಣ ಕಪ್ಪಾದರೆ ಸಾಲದು. ಒಂದು ಹಿಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಮೂರು ದಿನ ಮುಚ್ಚಿಡಿ. ತೆಗೆದಾಗ ಹುಳಿ ನಾತ ಬಂದರೆ ಇನ್ನೆರಡು ವಾರ ಕಾಯಿರಿ. ಮಳೆಗೆ ನೆಂದ ಮಣ್ಣಿನ ವಾಸನೆ ಬಂದರೆ ಗಿಡಕ್ಕೆ ಹಾಕಬಹುದು. ಮೊಮ್ಮಗಳು ಹೋದ ವಾರ ಡಬ್ಬಿ ಮುಚ್ಚಿಟ್ಟು ಮೂರನೇ ದಿನ ಬೆಳಗ್ಗೇನೇ ಫೋನ್ ಮಾಡಿದ್ದಳು. "ಅಜ್ಜಿ, ಇನ್ನೂ ಸ್ವಲ್ಪ ಹುಳಿ ಇದೆ" ಅಂದಳು. "ಮತ್ತೆ ಮುಚ್ಚಿಡು, ಆಗುತ್ತೆ" ಅಂದೆ.