ಒಂದೇ ಮ್ಯಾಚ್, ಆಮೇಲೆ ಇಫ್: ನನ್ನ ಅನುಭವ

ಜಾವಾಸ್ಕ್ರಿಪ್ಟ್‌ನಲ್ಲಿ ಸಾಲುಗಳನ್ನು ವಿಂಗಡಿಸೋಕೆ ಒಂದೇ ರೆಜೆಕ್ಸ್ (ಪಠ್ಯದಲ್ಲಿ ಹುಡುಕಲು ಬರೆಯೋ ಪ್ಯಾಟರ್ನ್) ಸಾಕು ಅಂದಾಗ "ಇಷ್ಟಕ್ಕೆಲ್ಲ ಒಂದೇ ರೆಜೆಕ್ಸಾ? ಆಮೇಲೆ ನಿನಗೇ ಅರ್ಥ ಆಗಲ್ಲ ನೋಡು" ಅಂತ ಟೀಮಿನಲ್ಲಿ ನಕ್ಕಿದ್ದರು. ಈಗ ಅದೇ ಕೋಡ್ ತಕರಾರಿಲ್ಲದೆ ಓಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ದಿನಕ್ಕೆ ಸುಮಾರು 40 ಸಾವಿರ ಸಾಲು ಬರುತ್ತವೆ: ಆರ್ಡರ್, ರಿಟರ್ನ್, ರದ್ದು. ಯಾವುದು ಯಾವ ಫಂಕ್ಷನ್‌ಗೆ ಅಂತ ವಿಂಗಡಿಸಬೇಕು. ನನ್ನ ಕೈಗೆ ಬಂದ ಹಳೇ ಕೋಡಿನಲ್ಲಿ ಇಪ್ಪತ್ತರ ಹತ್ತಿರ ಎಲ್ಸ್-ಇಫ್, ಪ್ರತಿಯೊಂದಕ್ಕೂ ಒಂದು ಟೆಸ್ಟ್ (ಪ್ಯಾಟರ್ನ್ ಸಿಕ್ಕರೆ ಟ್ರೂ, ಇಲ್ಲದಿದ್ದರೆ ಫಾಲ್ಸ್ ಅನ್ನೋ ಫಂಕ್ಷನ್). ಸಾಲಾಗಿ ಬಂದ ರಿಟರ್ನ್‌ಗಳು ಒಂದು ಬಿಟ್ಟು ಒಂದು ಮಾಯ! ಗ್ರಾಹಕರು ಬಿಲ್ಲಿನ ಮೂರನೇ ಒಂದು ಭಾಗ ತಡೆಹಿಡಿದು ಕೂತರು.

ಕಾರಣ ಜಿ ಫ್ಲ್ಯಾಗ್, ಅಂದರೆ ಮೊದಲನೆಯದಕ್ಕೇ ನಿಲ್ಲದೆ ಎಲ್ಲವನ್ನೂ ಹುಡುಕು ಅಂತ ಪ್ಯಾಟರ್ನಿಗೆ ಹಾಕೋ ಗುರುತು. ಪ್ಯಾಟರ್ನ್ ಲೂಪಿನ ಹೊರಗಿತ್ತು. ಟೆಸ್ಟ್ ಟ್ರೂ ಅಂದಮೇಲೆ ಲಾಸ್ಟ್‌ಇಂಡೆಕ್ಸ್ (ಮುಂದೆ ಎಲ್ಲಿಂದ ಹುಡುಕಬೇಕು ಅನ್ನೋ ಲೆಕ್ಕ) ಸಿಕ್ಕ ಭಾಗ ಮುಗಿದ ಜಾಗದಲ್ಲಿ, ಅಂದರೆ 8ರಲ್ಲೇ ನಿಲ್ಲುತ್ತದೆ, ಮುಂದಿನ ಸಾಲನ್ನೂ ಅಲ್ಲಿಂದಲೇ ಹುಡುಕುತ್ತದೆ, ಸಿಗಲ್ಲ, ಫಾಲ್ಸ್ ಕೊಟ್ಟು 0ಗೆ ಮರಳುತ್ತದೆ. ಮಜಾ ಅಂದ್ರೆ ಆರ್ಡರ್ ಪ್ಯಾಟರ್ನಿಗೂ ಜಿ ಇತ್ತು, ಆದರೆ ಇಫ್ ಒಳಗೆ ಅದನ್ನೇ ಮ್ಯಾಚ್‌ಗೆ (ಸಿಕ್ಕ ಭಾಗವನ್ನೇ ಕೊಡೋ ಫಂಕ್ಷನ್) ಕೊಟ್ಟಿದ್ದರಿಂದ ಲಾಸ್ಟ್‌ಇಂಡೆಕ್ಸ್ 0 ಆಗಿ ಬಚಾವಾಗಿತ್ತು.

ನಾನು ಎಲ್ಲ ಕಿತ್ತು, ಮೂರೂ ಬಗೆಯನ್ನು ಪೈಪ್ ("ಅಥವಾ" ಅನ್ನೋ | ಗುರುತು) ಹಾಕಿ ಒಂದೇ ಪ್ಯಾಟರ್ನಿಗೆ ತಂದೆ, ಪ್ರತಿ ಕವಲಿಗೂ ಹೆಸರಿರೋ ಗ್ರೂಪ್ (ಸಿಕ್ಕ ಭಾಗವನ್ನು ಹಿಡಿದಿಡೋ ಆವರಣ), ಜಿ ಇಲ್ಲ. ಸಾಲಿಗೆ ಒಂದೇ ಮ್ಯಾಚ್, ಫಲಿತಾಂಶ ವೇರಿಯಬಲ್‌ಗೆ. ನಲ್ (ಏನೂ ಸಿಗಲಿಲ್ಲ) ಬಂದರೆ ಆ ಸಾಲು ಬೇರೆ ಫೈಲಿಗೆ. ಇಲ್ಲದಿದ್ದರೆ ಯಾವ ಗ್ರೂಪ್ ಅನ್‌ಡಿಫೈನ್ಡ್ (ಆ ಕವಲು ಹೊಂದಲೇ ಇಲ್ಲ) ಅಲ್ಲವೋ ಅದೇ ದಾರಿ. ಇಲ್ಲಿ ಸುಮ್ನೆ ಇಫ್ ಒಳಗೆ ಗ್ರೂಪ್ ಹಾಕಬೇಡಿ. ರಿಯಾಯಿತಿ ಕಾಲಂ ಖಾಲಿ ಬಿಟ್ಟಿದ್ದರೆ ಗ್ರೂಪಿನಲ್ಲಿ ಖಾಲಿ ಸ್ಟ್ರಿಂಗ್ (ಒಂದೂ ಅಕ್ಷರವಿಲ್ಲದ ಪಠ್ಯ) ಇರುತ್ತದೆ, ಅದು ಇಫ್‌ಗೆ ಫಾಲ್ಸ್. "0" ಸ್ಟ್ರಿಂಗ್ ಆಗಿದ್ದಾಗ ಟ್ರೂ, ನಂಬರ್ ಮಾಡಿದ ಕೂಡಲೇ ಫಾಲ್ಸ್. ಅನ್‌ಡಿಫೈನ್ಡ್ ಜೊತೆ ನೇರ ಹೋಲಿಸಿದರೆ ಈ ತಲೆನೋವೇ ಇಲ್ಲ.

ನಡುವೆ ಮ್ಯಾಚ್ ಬದಲು ಸರ್ಚ್ (ಸಿಕ್ಕ ಜಾಗದ ಸಂಖ್ಯೆ ಕೊಡೋ ಫಂಕ್ಷನ್) ಹಾಕಿಯೂ ನೋಡಿದೆ. ಸಿಗದಿದ್ದರೆ -1, ಅದು ಇಫ್‌ಗೆ ಟ್ರೂ. ಸಾಲಿನ ಶುರುವಲ್ಲೇ ಸಿಕ್ಕರೆ 0, ಅದು ಫಾಲ್ಸ್. ಪೂರಾ ಉಲ್ಟಾ! ಮ್ಯಾಚ್‌ಆಲ್ ಇನ್ನೂ ಒಂದು ಕೈ ಮೇಲು: ಕೊಡೋದು ಇಟರೇಟರ್ (ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಕೊಡೋ ವಸ್ತು), ಒಂದೂ ಸಿಗದಿದ್ದರೂ ಇಫ್ ಒಳಗೆ ಟ್ರೂನೇ. ಜೊತೆಗೆ ಜಿ ಇಲ್ಲದಿದ್ದರೆ ಟೈಪ್‌ಎರರ್ ಬೇರೆ.

ಇಪ್ಪತ್ತು ಎಲ್ಸ್-ಇಫ್ ಹೋಗಿ ನಾಲ್ಕು ಉಳಿದವು. ತಡೆಹಿಡಿದ ದುಡ್ಡು ಪೂರ್ತಿ ಬಂತು, ಮುಂದಿನ ಕೆಲಸವೂ ನಮಗೇ. ಪೈಪಿನಲ್ಲಿ ಯಾವ ಕವಲು ಮೊದಲು, ಯಾವುದು ಕೊನೆಗೆ ಅನ್ನೋದರಲ್ಲಿ ಜಾಸ್ತಿ ಒಳಗುಟ್ಟು ಇದೆ, ಅದನ್ನು ಮಾತ್ರ ಕೇಳಬೇಡಿ.