ಬೋಟ್ ಟಾಯ್ಲೆಟ್ ನಾತ ಬರ್ತಿದ್ಯಾ? ಕಮೋಡ್ ಬಿಡಿ, ಮೊದಲು ಪೈಪ್ ನೋಡಿ

ಹೋದ ಬೇಸಿಗೇಲಿ ನಮ್ಮ ಭಾವ ಮಂಗಳೂರಲ್ಲಿ ಒಂದು ಹಳೇ ಕ್ಯಾಬಿನ್ ಬೋಟ್ ತಗೊಂಡು, ಲಾರಿ ಮೇಲೆ ಶಿರಾಡಿ ಘಾಟ್ ಹತ್ತಿಸಿ ಹಾಸನಕ್ಕೆ ತಂದ್ರು. ಇಲ್ಲೇ ಬಿಎಂ ರೋಡ್ ಕಡೆ ಒಂದು ಶೆಡ್ಡಲ್ಲಿ ರಿಪೇರಿ ಮಾಡಿ ಮತ್ತೆ ಸಮುದ್ರಕ್ಕೆ ಇಳಿಸೋದು ಅಂತ ಲೆಕ್ಕ. ಇಂಜಿನ್ನು, ಫೈಬರ್ ಕೆಲಸ ಬೇರೆಯವರದ್ದು, ಟಾಯ್ಲೆಟ್ ಲೈನ್ ಮಾತ್ರ ನನ್ನ ಪಾಲಿಗೆ ಬಂತು, ಯಾಕಂದ್ರೆ ಇಪ್ಪತ್ತು ವರ್ಷದಿಂದ ಈ ಊರಲ್ಲಿ ಮನೆ ಪ್ಲಂಬಿಂಗ್ ಮಾಡ್ಕೊಂಡು ಬಂದಿರೋನು ನಾನು. ಕ್ಯಾಬಿನ್ ಬಾಗಿಲು ತೆಗೆದ್ರೆ ಒಳಗೆ ಒಂದು ನಿಮಿಷ ನಿಲ್ಲೋಕಾಗಲ್ಲ, ಅಂಥಾ ನಾತ. ಭಾವ ಆಗಲೇ ಎರಡು ಬಾಟ್ಲು ಫಿನಾಯಿಲ್ ಸುರಿದಿದ್ರು. "ಕಮೋಡೇ ಕಿತ್ತಾಕಿ ಹೊಸದು ಕೂರಿಸಿಬಿಡಯ್ಯ" ಅಂದ್ರು. "ಸ್ವಲ್ಪ ತಡೀರಿ ಭಾವ, ಕಮೋಡ್ ಏನೂ ತಪ್ಪು ಮಾಡಿಲ್ಲ" ಅಂದೆ.

ಮನೆ ಟಾಯ್ಲೆಟ್ಟಿಗೂ ಬೋಟ್ ಟಾಯ್ಲೆಟ್ಟಿಗೂ ಇರೋ ವ್ಯತ್ಯಾಸ ಮೊದಲು ತಿಳ್ಕೊಬೇಕು. ಮನೇಲಿ ನಾಲ್ಕು ಇಂಚಿನ ಪೈಪು, ಇಳಿಜಾರು, ಬಕೆಟ್ ನೀರು ಸುರಿದ್ರೆ ತಾನಾಗೇ ಹರ್ಕೊಂಡು ಹೋಗುತ್ತೆ. ಬೋಟಲ್ಲಿ ಹಾಗಲ್ಲ, ಕಮೋಡ್ ಪಕ್ಕ ಒಂದು ಕೈಪಂಪು ಇರುತ್ತೆ, ಮುಕ್ಕಾಲಿಂಚು ಪೈಪಲ್ಲಿ ಹೊರಗಿನ ನೀರು ಒಳಗೆ ಬರುತ್ತೆ, ಒಂದೂವರೆ ಇಂಚು, ಅಂದ್ರೆ 38 ಮಿ.ಮೀ. ಪೈಪಲ್ಲಿ ಕೊಳಕು ಬೋಟೊಳಗೇ ಇರೋ ಒಂದು ಟ್ಯಾಂಕಿಗೆ ಹೋಗುತ್ತೆ, ಅದೂ ಇಳಿಜಾರಲ್ಲಿ ಅಲ್ಲ, ಪಂಪ್ ಹೊಡೆದು ಮೇಲಕ್ಕೆ ತಳ್ಳಬೇಕು. 38 ಮಿ.ಮೀ. ಪೈಪು ಒಂದು ಮೀಟರ್ ಉದ್ದ ಇದ್ರೆ ಅದರೊಳಗೆ 1.1 ಲೀಟರ್ ಹಿಡಿಯುತ್ತೆ. ಮೂರು ಮೀಟರ್ ಪೈಪ್ ಇದ್ರೆ ಮೂರು ಲೀಟರ್ ಮೇಲೆ ಆಯ್ತು. ನಾವು ನಾಲ್ಕು ಸಲ ಪಂಪ್ ಹೊಡೆದು ಕಮೋಡ್ ಕ್ಲೀನಾಗಿ ಕಾಣ್ತು ಅಂತ ಎದ್ದು ಬರ್ತೀವಿ, ಆದ್ರೆ ಅದೆಲ್ಲಾ ಪೈಪಲ್ಲೇ ನಿಂತಿರುತ್ತೆ, ದಿನಗಟ್ಟಲೆ ಕೊಳೀತಾ ಇರುತ್ತೆ, ಆಮೇಲೆ ಆ ವಾಸನೆ ರಬ್ಬರ್, ಪ್ಲಾಸ್ಟಿಕ್ ಒಳಗೇ ಇಳಿದು ಹೊರಗೆ ಸೋರೋಕೆ ಶುರುವಾಗುತ್ತೆ. ಒಂದು ಹನಿ ನೀರು ಲೀಕ್ ಇರಲ್ಲ, ನಾತ ಮಾತ್ರ ಇರುತ್ತೆ.

ಪೈಪೇ ಕಾರಣವಾ ಅಂತ ಪಕ್ಕಾ ಮಾಡ್ಕೊಳ್ಳೋಕೆ ಸುಲಭದ ದಾರಿ ಇದೆ. ಪೈಪಿನ ಹೊರಮೈಯನ್ನ ಸೋಪ್ ಹಾಕಿ ಒರೆಸಿ ಒಣಗಿಸಿ. ಒಂದು ಶುಭ್ರವಾದ ಬಟ್ಟೇನ ಬಿಸಿ ನೀರಲ್ಲಿ ಅದ್ದಿ ಹಿಂಡಿ ಪೈಪಿಗೆ ಸುತ್ತಿ, ಬಟ್ಟೆ ತಣ್ಣಗಾದ ಮೇಲೆ ತೆಗೆದು, ಬೋಟಿಂದ ಆಚೆ ಬಂದು ಮೂಸಿ ನೋಡಿ. ಬಟ್ಟೆ ನಾರಿದ್ರೆ ಆ ಪೈಪಿನ ಆಯಸ್ಸು ಮುಗೀತು ಅಂತ. ಅದನ್ನ ತೊಳೆದು ಸರಿ ಮಾಡೋಕಾಗಲ್ಲ, ಬದಲಾಯಿಸಲೇಬೇಕು. ನಮ್ಮ ಬೋಟಲ್ಲಿ ಮೂರು ಕಡೆ ಟೆಸ್ಟ್ ಮಾಡಿದೆ, ಟ್ಯಾಂಕಿಗೆ ಹೋಗೋ ಪೈಪಿನ ತಗ್ಗಲ್ಲಿ ಸುತ್ತಿದ ಬಟ್ಟೆ ಮೂಗಿನ ಹತ್ರ ತರೋಕಾಗಲಿಲ್ಲ.

ಬಿಚ್ಚೋಕೆ ಮುಂಚೆ ಖಾಲಿ ಮಾಡಿ. ಕಮೋಡಿಗೆ ಸಿಹಿನೀರು ಹಾಕಿ ಚೆನ್ನಾಗಿ ಪಂಪ್ ಹೊಡೀರಿ, ಟ್ಯಾಂಕನ್ನ ಸಕ್ಕಿಂಗ್ ಮಷಿನ್ ಗಾಡಿ ಕರೆಸಿ ಎಳೆಸಿ. ಕೂಲಿಗೆ ಯಾರನ್ನಾದ್ರೂ ಕರೆದು ಟ್ಯಾಂಕಿಗೆ ಇಳಿಸೋದು, ಕೈ ಹಾಕ್ಸೋದು ಇಂಥದ್ದು ಖಂಡಿತಾ ಮಾಡ್ಬೇಡಿ. 2013ರ ಕಾಯ್ದೆ ಪ್ರಕಾರ ಕೈಯಿಂದ ಮಲ ಬಳಿಸೋದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಆ ಗ್ಯಾಸ್ ಮನುಷ್ಯನ್ನ ಕೊಂದುಬಿಡುತ್ತೆ. ಬೋಟಿನ ಕಿಟಕಿ, ಮುಚ್ಚಳ ಎಲ್ಲಾ ತೆಗೆದಿಡಿ, ಫ್ಯಾನ್ ಹಾಕಿ, ಗ್ಲೌಸು ಕನ್ನಡಕ ಹಾಕ್ಕೊಳ್ಳಿ. ಬೋಟು ನೀರಲ್ಲೇ ಇದ್ರೆ ತಳದಲ್ಲಿ ನೀರು ಒಳಗೆ ಬರೋ ವಾಲ್ವು, ಕೊಳಕು ಹೊರಕ್ಕೆ ಬಿಡೋ ವಾಲ್ವು ಎರಡೂ ಮುಚ್ಚಿ, ಮುಚ್ಚಿದೆ ಅಂತ ಇನ್ನೊಂದು ಸಲ ಕೈಯಲ್ಲಿ ಮುಟ್ಟಿ ನೋಡಿ, ಆಮೇಲೇ ಕ್ಲಾಂಪಿಗೆ ಸ್ಕ್ರೂಡ್ರೈವರ್ ಇಡಿ. ಇನ್ನೊಂದು ಮಾತು, ಬ್ಲೀಚಿಂಗು ಮತ್ತು ಆಸಿಡ್ಡು ಒಂದೇ ದಿನ ಒಂದೇ ಲೈನಿಗೆ ಸುರೀಬೇಡಿ, ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ.

ಹಳೇ ಪೈಪ್ ಎಳೆದ್ರೆ ಬರಲ್ಲ. ಜಗ್ಗಾಡಿದ್ರೆ ಕಮೋಡಿನ ಪ್ಲಾಸ್ಟಿಕ್ ನಿಪ್ಪಲ್ಲೇ, ಅಂದ್ರೆ ಪೈಪ್ ಕೂರೋ ಮೂತಿನೇ ಮುರಿಯುತ್ತೆ, ಹಾಗಾಗಿ ಪೈಪನ್ನ ಉದ್ದಕ್ಕೆ ಬ್ಲೇಡಲ್ಲಿ ಸೀಳಿ ಬಿಡಿಸಿ, ನಿಪ್ಪಲ್‌ಗೆ ಬ್ಲೇಡ್ ತಾಗಬಾರದು ಅಷ್ಟೇ. ಕತ್ತರಿಸಿದ ಪೈಪ್ ಒಳಗೆ ನೋಡಿ, ಸಮುದ್ರದಲ್ಲಿ ಓಡಿದ ಬೋಟಾದ್ರೆ ಬಿಳಿ ಕಲ್ಲು ಕಟ್ಟಿರುತ್ತೆ, ಉಪ್ಪುನೀರೂ ಮೂತ್ರಾನೂ ಸೇರಿ ಆಗೋ ಸುಣ್ಣದ ಪದರ ಅದು. ನಮ್ಮದರಲ್ಲಿ ಒಂದೂವರೆ ಇಂಚಿನ ಪೈಪಲ್ಲಿ ಹೆಬ್ಬೆರಳು ತೂರೋವಷ್ಟೇ ಜಾಗ ಉಳಿದಿತ್ತು. ಪೈಪ್ ಇನ್ನೂ ಚೆನ್ನಾಗಿದೆ, ಕಲ್ಲು ಮಾತ್ರ ಇದೆ ಅನ್ನೋದಾದ್ರೆ ನೆಲಕ್ಕೆ ಬಡಿದ್ರೆ ಚೂರು ಚೂರಾಗಿ ಉದುರುತ್ತೆ. ಮುಂದಕ್ಕೆ ಕಟ್ಟದೇ ಇರೋಕೆ ಆವಾಗಾವಾಗ ಬಿಳಿ ವಿನೆಗರ್ ಹಾಕಿ ರಾತ್ರಿ ಬಿಟ್ರೆ ಸಾಕು.

ಈಗ ಪೈಪ್ ತರೋ ವಿಷ್ಯ. ಇಲ್ಲಿ ನಾನೇ ಒಂದು ತಪ್ಪು ಮಾಡ್ದೆ, ಬೇರೆ ಯಾರೂ ಮಾಡಬಾರದು ಅಂತ ಹೇಳ್ತೀನಿ. ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಮೋಟರಿಗೆ ಹಾಕ್ತಾರಲ್ಲ, ಹಸಿರು ಸಕ್ಷನ್ ಪೈಪು, ಅದೇ ಅಳತೆ, ಹಾಸನದಲ್ಲಿ ಯಾವ ಅಂಗಡೀಲಿ ಕೇಳಿದ್ರೂ ಸಿಗುತ್ತೆ, ಗಟ್ಟಿಯಾಗೂ ಇದೆ ಅಂತ ಅದನ್ನೇ ಹಾಕಿದೆ. ನೀರಿಗೆ ಒಳ್ಳೇ ಪೈಪು ಅದು, ಆದ್ರೆ ಕೊಳಕಿಗೆ ಅಲ್ಲ. ವಾಸನೆ ತಡೆಯೋ ಶಕ್ತಿ ಅದಕ್ಕಿಲ್ಲ, ಒಳಗೆ ಏರಿಳಿತ ಇರೋದ್ರಲ್ಲಿ ಪ್ರತಿ ಗೀರಲ್ಲೂ ಕೊಳಕು ಕೂತ್ಕೊಳ್ಳುತ್ತೆ. ಟ್ರಯಲ್ ಮಾಡಿದ ಸ್ವಲ್ಪ ದಿನಕ್ಕೇ ಮತ್ತೆ ಅದೇ ನಾತ, ಎಲ್ಲಾ ಕಿತ್ತು ಹೊಸದಾಗಿ ಹಾಕಿದೆ, ದುಡ್ಡೂ ಹೋಯ್ತು ಭಾವನ ಮುಂದೆ ಮಾತೂ ಹೋಯ್ತು. ಬೋಟ್ ಟಾಯ್ಲೆಟ್ಟಿಗೇ ಅಂತ ಬರೋ ಸ್ಯಾನಿಟೇಶನ್ ಹೋಸ್ ಕೇಳಿ ತಗೊಳ್ಳಿ, ಒಳಮೈ ನುಣುಪಾಗಿ, ಗೋಡೆ ದಪ್ಪ ಇರುತ್ತೆ, ಮೇಲೆ ಹಾಗಂತ ಅಚ್ಚಾಗಿರುತ್ತೆ. ರೇಟು ಜಾಸ್ತೀನೇ. ಅದಕ್ಕೇ ಪೈಪ್ ಎಷ್ಟು ಚಿಕ್ಕದಾಗುತ್ತೋ ಅಷ್ಟು ಚಿಕ್ಕದು ಮಾಡಿ, ದುಡ್ಡೂ ಉಳಿಯುತ್ತೆ, ಕೊಳಕು ನಿಲ್ಲೋ ಜಾಗಾನೂ ಕಡಿಮೆ ಆಗುತ್ತೆ.

ದಾರಿ ಹಾಕೋದೇ ಈ ಕೆಲಸದಲ್ಲಿ ಮುಖ್ಯ, ಇದಕ್ಕೆ ಅರ್ಧ ದಿನ ಕೊಡಿ. ಹಗ್ಗ ಹಿಡ್ಕೊಂಡು ಕಮೋಡಿಂದ ಟ್ಯಾಂಕಿನ ತನಕ ಗುರುತು ಮಾಡಿ. ಕಮೋಡಿಂದ ನೇರ ಮೇಲಕ್ಕೆ ಹತ್ತಬೇಕು, ಅಲ್ಲಿ ಒಂದು ಉಲ್ಟಾ ಯು ಆಕಾರ, ಅಲ್ಲಿಂದ ಟ್ಯಾಂಕಿನ ತನಕ ಬರೀ ಇಳಿಜಾರು, ಮಧ್ಯ ಎಲ್ಲೂ ಹೊಟ್ಟೆ ಬಿಡಬಾರದು. ಒಂದೂವರೆ ಅಡಿಗೆ ಒಂದರಂತೆ ಪೈಪನ್ನ ಗೋಡೆಗೆ ಕಟ್ಟಿ. ಹೀಗೆ ಮಾಡಿದ್ರೆ ಆ ಮೇಲಿನ ತಿರುವು ದಾಟೋ ತನಕ ಪಂಪ್ ಹೊಡೆದ್ರೆ ಸಾಕು, ಉಳಿದದ್ದು ತಾನಾಗೇ ಇಳಿದು ಹೋಗುತ್ತೆ.

ಹೊರಗಿನ ನೀರು ತರೋ ಮುಕ್ಕಾಲಿಂಚು ಪೈಪಿಗೂ ಇಂಥದ್ದೇ ತಿರುವು ಬೇಕು, ಪಂಪಿಗೂ ಕಮೋಡಿಗೂ ಮಧ್ಯ. ಇದು ವಾಸನೆಗಲ್ಲ, ಜೀವಕ್ಕೆ. ಬಹಳಷ್ಟು ಬೋಟಲ್ಲಿ ಕಮೋಡಿನ ಬಾಯಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುತ್ತೆ, ಡ್ರಮ್ಮಿಂದ ಪೈಪಲ್ಲಿ ಎಣ್ಣೆ ಎಳೀತೀವಲ್ಲ ಹಾಗೇ ನೀರು ತಾನಾಗೇ ಒಳಗೆ ಬರೋಕೆ ಶುರುವಾದ್ರೆ ರಾತ್ರಿ ಬೆಳಗಾಗೋದ್ರಲ್ಲಿ ಬೋಟ್ ಮುಳುಗುತ್ತೆ, ಟಾಯ್ಲೆಟ್ಟಿಂದಾನೇ ಬೋಟ್ ಮುಳುಗಿರೋದು ನಿಜವಾಗ್ಲೂ ಉಂಟು. ಬೋಟ್ ಎಷ್ಟು ವಾಲಿದ್ರೂ ಆ ತಿರುವು ನೀರಿನ ಮಟ್ಟಕ್ಕಿಂತ ಮೇಲೇ ಇರಬೇಕು, ತಿರುವಿನ ನೆತ್ತೀಲಿ ಗಾಳಿ ಎಳ್ಕೊಳ್ಳೋ ಸಣ್ಣ ವಾಲ್ವು ಇರಬೇಕು. ಆ ವಾಲ್ವಲ್ಲಿ ಉಪ್ಪು ಕಟ್ಟುತ್ತೆ, ವರ್ಷಕ್ಕೊಂದು ಸಲ ಬಿಚ್ಚಿ ತೊಳೀರಿ. ಟಾಯ್ಲೆಟ್ ಬಳಸಿದ ಮೇಲೆ ತಳದ ವಾಲ್ವು ಮುಚ್ಚೋ ಅಭ್ಯಾಸ ಮನೆಯವರಿಗೆಲ್ಲಾ ಮಾಡಿಸಿ, ಮಕ್ಕಳಿಗೂ ಹೇಳ್ಕೊಡಿ.

ಜೋಡಿಸೋವಾಗ ಪೈಪಿನ ತುದಿ ಮಟ್ಟಸವಾಗಿ ಕತ್ತರಿಸಿ, ಕುದಿಯೋ ನೀರಲ್ಲಿ ಒಂದೆರಡು ನಿಮಿಷ ಅದ್ದಿ, ನಿಪ್ಪಲ್‌ಗೆ ಪಾತ್ರೆ ತೊಳೆಯೋ ಲಿಕ್ವಿಡ್ ಸವರಿ ತಿರುಗಿಸ್ತಾ ಕೊನೇ ತನಕ ತಳ್ಳಿ. ಬೆಂಕಿ ತೋರಿಸ್ಬೇಡಿ, ಪೈಪ್ ಗೋಡೆ ಸುಡುತ್ತೆ. ಸಿಲಿಕಾನ್ ಹಚ್ಚೋದೂ ಬೇಡ, ಮುಂದಿನ ಸಲ ಬಿಚ್ಚೋರಿಗೆ ಕಷ್ಟ. ಕ್ಲಾಂಪು ಸ್ಟೇನ್‌ಲೆಸ್ 316 ಇರಲಿ, ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯದ ಸ್ಟೀಲ್ ಅದು, ಒಂದು ಜಾಯಿಂಟಿಗೆ ಎರಡು, ಸ್ಕ್ರೂಗಳು ಎದುರುಬದುರು ಬರಬೇಕು. ಅಂಗಡೀಲೇ ಸ್ಕ್ರೂಗೆ ಮ್ಯಾಗ್ನೆಟ್ ಹಿಡಿದು ನೋಡಿ, ಗಟ್ಟಿಯಾಗಿ ಅಂಟ್ಕೊಂಡ್ರೆ ವಾಪಸ್ ಕೊಡಿ, ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಕಬ್ಬಿಣ ಇರೋದು ಬಹಳ ಬರುತ್ತೆ. ಪಂಪಿನ ಹಿಂದೆ ಬಾತುಕೋಳಿ ಕೊಕ್ಕಿನ ಥರ ಒಂದು ರಬ್ಬರ್ ಇದೆ, ಕೊಳಕು ವಾಪಸ್ ಬರದ ಹಾಗೆ ತಡೆಯೋದು ಅದೇ, ಪೈಪ್ ಬಿಚ್ಚಿದಾಗಲೇ ಅದನ್ನೂ ಹೊಸದು ಹಾಕಿಬಿಡಿ. ಟ್ಯಾಂಕಿನ ಗಾಳಿ ಪೈಪು ಊದಿ ನೋಡಿ, ಅದು ಕಟ್ಕೊಂಡಿದ್ರೆ ಎಷ್ಟು ಹೊಸ ಪೈಪ್ ಹಾಕಿದ್ರೂ ವಾಸನೆ ವಾಪಸ್ ಒಳಗೇ ಬರುತ್ತೆ.

ಟ್ಯಾಂಕ್ ತುಂಬಿದ ಮೇಲೆ ಎಲ್ಲಿಗೆ ಬಿಡೋದು ಅಂತ ಎಲ್ಲರೂ ಕೇಳ್ತಾರೆ. ಸಮುದ್ರದಲ್ಲಿ ದೊಡ್ಡ ಹಡಗುಗಳಿಗೇ ಮಾರ್ಪೋಲ್ ನಿಯಮ ಇದೆ, ಹಡಗಿಂದ ಸಮುದ್ರ ಕೊಳಕಾಗೋದನ್ನ ತಡೆಯೋ ಅಂತರರಾಷ್ಟ್ರೀಯ ಒಪ್ಪಂದ ಅದು, ಸಂಸ್ಕರಿಸದ ಕೊಳಕು ಬಿಡ್ಬೇಕಂದ್ರೆ ದಡದಿಂದ 12 ನಾಟಿಕಲ್ ಮೈಲಿ, ಅಂದ್ರೆ ಸುಮಾರು 22 ಕಿ.ಮೀ. ಆಚೆ ಇರಬೇಕು. ಇನ್ನು ನಮ್ಮ ಗೊರೂರು, ಯಗಚಿ ಹಿನ್ನೀರಲ್ಲಿ ಬೋಟಿಂದ ಆಗ್ಲಿ ದಡದ ರೂಮಿಂದ ಆಗ್ಲಿ ಒಂದು ಹನೀನೂ ಬಿಡಬಾರದು. ಹೇಮಾವತಿ ಬಲ್ಲಾಳರಾಯನದುರ್ಗದ ಕಡೆ ಹುಟ್ಟಿ ಸಕಲೇಶಪುರ ದಾಟಿ ಗೊರೂರಿಗೆ ಬರ್ತಾಳೆ, ಹಾಸನದ ನಲ್ಲೀಲಿ ಬರೋದು ಅದೇ ನೀರು, ಕಾಲುವೇಲಿ ತುಮಕೂರಿಗೆ ಹೋಗೋದೂ ಅದೇ. ಟ್ಯಾಂಕನ್ನ ಗಾಡೀಲೇ ಎಳೆಸಿ, ಹೊರಕ್ಕೆ ಬಿಡೋ ವಾಲ್ವಿನ ಹಿಡಿ ಕಟ್ಟಿ ಬೀಗ ಹಾಕಿ.

ಎಲ್ಲಾ ಮುಗಿದ ಮೇಲೆ ಸಿಹಿನೀರಿಗೆ ಸ್ವಲ್ಪ ಬಣ್ಣ ಕಲಸಿ ಪಂಪ್ ಹೊಡೀರಿ, ಪ್ರತಿ ಜಾಯಿಂಟಿಗೂ ಬಿಳಿ ಟಿಶ್ಯೂ ಸುತ್ತಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಬಣ್ಣ ಕಂಡ ಕಡೆ ಬಿಗಿ ಮಾಡಿ. ಪೈಪು ನಿಪ್ಪಲ್ ಮೇಲೆ ಕೂರೋಕೆ ಸ್ವಲ್ಪ ದಿನ ತಗೊಳ್ಳುತ್ತೆ, ಅದಕ್ಕೆ ಒಂದು ವಾರ ಬಿಟ್ಟು ಎಲ್ಲಾ ಕ್ಲಾಂಪೂ ಇನ್ನೊಂದು ಸುತ್ತು ನೋಡಿ, ನಮ್ಮ ಬೋಟಲ್ಲಿ ಎಂಟರಲ್ಲಿ ಮೂರು ಸಡಿಲ ಆಗಿದ್ವು.