ಅರ್ಧ ಫೀಸ್ ಮಾಫಿ ಅಂದ್ರು, ಯಾವುದರಲ್ಲಿ ಅರ್ಧ ಅಂತ ಕೇಳಿದ್ರಾ?

ಸಿಇಟಿ ರ‍್ಯಾಂಕ್ ಬರೋ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ ಕಡೆ ಮನೆಗಳಿಗೂ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಫೋನ್ ಶುರುವಾಗುತ್ತೆ. ನಿಮ್ಮ ಮಗಳಿಗೆ 50 ಪರ್ಸೆಂಟ್ ಸ್ಕಾಲರ್‌ಶಿಪ್ ಇದೆ, ಇವತ್ತೇ ಸೀಟ್ ಬುಕ್ ಮಾಡಿದ್ರೆ ಮಾತ್ರ ಅಂತಾರೆ. ಇವತ್ತೇ ಯಾಕೆ ಅಂತ ಮಾತ್ರ ಹೇಳಲ್ಲ. ಎರಡು ಮೂರು ಕಾಲೇಜಿನ ಆಫರ್ ಲೆಟರ್ ಕೈಲಿದ್ರೆ ಸ್ಕಾಲರ್‌ಶಿಪ್ ಎಷ್ಟು ದೊಡ್ಡದು ಅಂತ ನೋಡೋಕೆ ಹೋಗ್ಬೇಡಿ, ನಾಲ್ಕು ವರ್ಷದಲ್ಲಿ ಮನೆಯಿಂದ ಎಷ್ಟು ದುಡ್ಡು ಹೊರಗೆ ಹೋಗುತ್ತೆ ಅನ್ನೋದೊಂದೇ ನೋಡಿ.

ಮೊದಲು ಪೂರ್ತಿ ಫೀ ವಿವರ ಇಮೇಲಲ್ಲಿ ತರಿಸ್ಕೊಳ್ಳಿ, ಕೌನ್ಸೆಲರ್ ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ ಹೇಳಿದ್ದೆಲ್ಲ ನಾಳೆ ಲೆಕ್ಕಕ್ಕೆ ಬರಲ್ಲ. ಟ್ಯೂಷನ್ ಫೀ ಜೊತೆ ಯೂನಿವರ್ಸಿಟಿ ಫೀ, ಪ್ಲೇಸ್‌ಮೆಂಟ್ ಟ್ರೈನಿಂಗು, ಹಾಸ್ಟೆಲ್, ಮೆಸ್, ಬಸ್ಸು ಎಲ್ಲ ಬರ್ಬೇಕು. ರಿಯಾಯ್ತಿ ಸಾಮಾನ್ಯವಾಗಿ ಟ್ಯೂಷನ್ ಫೀಗೆ ಮಾತ್ರ.

ಒಂದು ಲೆಕ್ಕ ಹಾಕೋಣ, ಅಂಕಿ ಎಲ್ಲ ಉದಾಹರಣೆಗೆ ಅಷ್ಟೆ. ಬೆಂಗಳೂರಿನ ಕಾಲೇಜಲ್ಲಿ ಟ್ಯೂಷನ್ 2,40,000, ಅರ್ಧ ಮಾಫಿ ಆಗಿ 1,20,000. ಹಾಸ್ಟೆಲ್ಲು ಮೆಸ್ಸು 1,30,000, ಇತರೆ ಫೀ 40,000. ವರ್ಷಕ್ಕೆ 2,90,000 ಆಯ್ತು, ನಾಲ್ಕು ವರ್ಷಕ್ಕೆ 11,60,000. ಶಿವಮೊಗ್ಗದಲ್ಲೇ ಸಿಇಟಿ ಸೀಟು, ಸ್ಕಾಲರ್‌ಶಿಪ್ ಏನೂ ಇಲ್ಲ ಅಂತ ಇಟ್ಕೊಳ್ಳಿ. ಫೀ ಎಲ್ಲ ಸೇರಿ 1,25,000, ಪಿಜಿ ಊಟ 70,000, ಅಲ್ಲಿಗೆ 1,95,000, ನಾಲ್ಕು ವರ್ಷಕ್ಕೆ 7,80,000. ಸ್ಕಾಲರ್‌ಶಿಪ್ ಕೊಟ್ಟವರದ್ದೇ 3,80,000 ಜಾಸ್ತಿ ಆಯ್ತಲ್ಲ ಮಾರಾಯ್ರೆ! ಆ ಕಾಲೇಜು ಅಷ್ಟು ಚೆನ್ನಾಗಿದ್ರೆ ಕೊಡಿ, ಬೇಡ ಅನ್ನಲ್ಲ, ಆದ್ರೆ ಗೊತ್ತಿದ್ದು ಕೊಡಿ.

ಆಮೇಲೆ ಷರತ್ತು. ಈ ರಿಯಾಯ್ತಿ ನಾಲ್ಕೂ ವರ್ಷಕ್ಕಾ, ಮೊದಲ ವರ್ಷಕ್ಕೆ ಮಾತ್ರನಾ? ಸಿಜಿಪಿಎ, ಅಂದ್ರೆ ಎಲ್ಲಾ ಸೆಮಿಸ್ಟರಿನ ಸರಾಸರಿ ಗ್ರೇಡು, ಎಷ್ಟು ಉಳಿಸ್ಕೋಬೇಕು, ಒಂದು ಸಬ್ಜೆಕ್ಟ್ ಫೇಲ್ ಆಗಿ ಬ್ಯಾಕ್ ಉಳಿದ್ರೆ ರಿಯಾಯ್ತಿ ಹೋಗುತ್ತಾ? ಮೇಲಿನ ಲೆಕ್ಕದಲ್ಲೇ ಎರಡನೇ ವರ್ಷದಿಂದ ಮಾಫಿ ನಿಂತ್ರೆ ಇನ್ನೂ 3,60,000 ಸೇರಿ 15,20,000 ಆಗುತ್ತೆ. ನನ್ನ ಕೇಳಿದ್ರೆ ಷರತ್ತು ಬಿಗಿ ಇರೋ ಕಡೆ ಈ ದೊಡ್ಡ ಅಂಕಿನೇ ಬರ್ಕೊಳ್ಳಿ.

ಲೆಟರಲ್ಲಿ ಫೈನಾನ್ಶಿಯಲ್ ಅಸಿಸ್ಟೆನ್ಸ್ ಅಂತಿದ್ರೆ ಅದು ವಾಪಸ್ ಕಟ್ಟಬೇಕಾದ್ದಾ ಅಂತ ಕೇಳಿ. ಬಡ್ಡಿ ಇಲ್ಲದ ಇಎಂಐ ಅಂದ್ರೂ ಸಾಲನೇ, ಸಹಾಯದ ಕಾಲಮ್ಮಿಗೆ ಹಾಕ್ಬೇಡಿ. ಬ್ಯಾಂಕ್ ಎಜುಕೇಶನ್ ಲೋನ್ ತಗೊಳ್ಳೋರು ಇನ್ನೊಂದು ವಿಷ್ಯ ನೋಡ್ಬೇಕು, 2024ರಲ್ಲಿ ಬಂದ ಕೇಂದ್ರ ಸರ್ಕಾರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಮನೆ ಆದಾಯ 8 ಲಕ್ಷದೊಳಗಿದ್ರೆ 10 ಲಕ್ಷದವರೆಗಿನ ಲೋನಿಗೆ 3 ಪರ್ಸೆಂಟ್ ಬಡ್ಡಿ ರಿಯಾಯ್ತಿ ಇದೆ, ಆದ್ರೆ ಕಾಲೇಜು ಆ ಯೋಜನೆಯ ಪಟ್ಟಿಯಲ್ಲಿ ಇರ್ಬೇಕು. ಹಾಗಾಗಿ ಅದೇ ಲೋನು ಒಂದು ಕಾಲೇಜಿಗೆ ಅಗ್ಗ, ಇನ್ನೊಂದಕ್ಕೆ ದುಬಾರಿ ಆಗ್ಬಹುದು.

ಸರ್ಕಾರದ ಕಡೆಯಿಂದ ಸಿಗೋದನ್ನ ಬೇರೆ ಹಾಳೆಲಿ ಬರೀರಿ. ಇಂಜಿನಿಯರಿಂಗಲ್ಲಿ ಎಸ್‌ಎನ್‌ಕ್ಯೂ ಕೋಟಾ ಅಂತಿದೆ, ಮಂಜೂರಾದ ಸೀಟಿನ ಮೇಲೆ 5 ಪರ್ಸೆಂಟ್ ಹೆಚ್ಚುವರಿ ಸೀಟು, ಆದಾಯ 8 ಲಕ್ಷದೊಳಗಿನವರಿಗೆ ಟ್ಯೂಷನ್ ಫೀ ಮಾಫಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಕೊಳ್ಳಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆ ತಿಂಗಳಿಗೆ ಇಷ್ಟು ಅಂತ 10 ತಿಂಗಳು ದುಡ್ಡು ಸಿಗುತ್ತೆ, ಈಗ ಎಷ್ಟು ಅಂತ ಕೇಳ್ಕೊಳ್ಳಿ. ಎಸ್‌ಎಸ್‌ಪಿ, ಅಂದ್ರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಮೂಲಕ ಸಿಗೋ ದುಡ್ಡು ಆಧಾರ್ ಲಿಂಕ್ ಆದ ಅಕೌಂಟಿಗೆ ಬರುತ್ತೆ, ಆದ್ರೆ ಅಡ್ಮಿಷನ್ ದಿನಕ್ಕೆ ಬರಲ್ಲ. ಅದನ್ನ ನಂಬ್ಕೊಂಡು ಮೊದಲ ಕಂತು ಪ್ಲಾನ್ ಮಾಡ್ಬೇಡಿ.

ಕಂತಿನ ವಿಷ್ಯ ನಮ್ಮ ಕಡೆಯವರಿಗೆ ಬಹಳ ಮುಖ್ಯ. ಫೀ ಕೇಳೋದು ಮಳೆಗಾಲದಲ್ಲಿ, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸೋ ಖರ್ಚಿನ ಟೈಮಲ್ಲೇ. ಅಡಿಕೆ ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕಿ ದುಡ್ಡು ಕೈಗೆ ಬರೋದು ಎಷ್ಟೋ ಮನೇಲಿ ಜನವರಿ ಕಳೆದ ಮೇಲೆ. ಅರ್ಧ ಈಗ, ಅರ್ಧ ಫೆಬ್ರವರಿಲಿ ಕಟ್ತೀವಿ, ಆಗುತ್ತಾ ಅಂತ ಎಲ್ಲಾ ಕಾಲೇಜಿಗೂ ಕೇಳಿ. ಒಪ್ಪಿದ್ರೆ ಕೈಸಾಲದ ಬಡ್ಡಿ ಉಳೀತು, ಅದನ್ನೂ ಆ ಕಾಲೇಜಿನ ಲೆಕ್ಕದಲ್ಲಿ ಕಳೀರಿ.

ಬುಕಿಂಗ್ ದುಡ್ಡು ಕಟ್ಟೋ ಮುಂಚೆ, ಸೀಟು ಬಿಟ್ರೆ ಎಷ್ಟು ವಾಪಸ್, ಯಾವ ದಿನಾಂಕದೊಳಗೆ ಅನ್ನೋದು ರಸೀದಿಲೇ ಇರ್ಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ ಅಲ್ಲೇ ವಾಪಸ್ ಇಸ್ಕೊಳ್ಳಿ, ಕಾಲೇಜು ಅದನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ಉನ್ನತ ಶಿಕ್ಷಣದ ನಿಯಮ ಮಾಡೋ ಯುಜಿಸಿನೇ ಹೇಳಿದೆ. ಅವರಿಗೆ ಜೆರಾಕ್ಸ್ ಸಾಕು.